ಕನ್ನಡಿಕಟ್ಟೆಯ ಕೂಗು

ನಮ್ಮೂರಿನಲ್ಲಿ ಯಾರನ್ನೂ ಮುಖ ನೋಡಿ ಗುರುತು ಹಿಡಿಯುವ ರೂಢಿಯಿಲ್ಲ. ಪಾದ ನೋಡುತ್ತೇವೆ. ಯಾರ ಹಿಮ್ಮಡಿ ಒಡೆದಿದೆ, ಯಾರ ಚಪ್ಪಲಿಯ ಉಂಗುಟ ಎಷ್ಟು ಸಲ ಹೊಲಿಸಿದ್ದು, ಯಾರ ಕಾಲುಂಗುರ ಸವೆದಿದೆ ಎಂಬುದೆಲ್ಲ ನಮಗೆ ಬಾಯಿಪಾಠ. ಹೆಣ್ಣು ನೋಡಲು ಬಂದವರೂ ಮೊದಲು ಪಾದವನ್ನೇ ನೋಡುತ್ತಾರೆ, ಮುಖದ ವಿಚಾರವನ್ನು ಆಮೇಲೆ ಹೆಂಗಸರು ಒಳಗೆ ಹೋಗಿ ತಿಳಿದುಕೊಂಡು ಬರುತ್ತಾರೆ. ನನ್ನ ಎರಡೂ ಕಾಲಿನ ಹೆಬ್ಬೆರಳು ಹೊರಗೆ ತಿರುಗಿವೆ, ಅದಕ್ಕೇ ಬಸಲಿಂಗವ್ವನಿಗೆ ಲಗ್ನವಾಗಲಿಲ್ಲ ಎಂದು ಊರು ಹೇಳುತ್ತದೆ. ಬೆರಳಿನ ಕಾರಣಕ್ಕಲ್ಲ, ನಾಲಿಗೆಯ ಕಾರಣಕ್ಕೆ ಆಗಲಿಲ್ಲ ಎಂಬುದು ನನಗೆ ಗೊತ್ತು. ಆ ನಾಲಿಗೆಯ ಕಥೆಯನ್ನೇ ಈಗ ಹೇಳಲು ಹೊರಟಿದ್ದೇನೆ.

ಊರು ಎರಡು ಹೋಳು. ಈಚೆ ನಮ್ಮ ಓಣಿಗಳು, ಆಚೆ ಪೇಟೆ, ಶಾಲೆ, ದವಾಖಾನೆ. ನಡುವೆ ಅರವತ್ತು ಹೆಜ್ಜೆ ಉದ್ದದ ಬಯಲು. ಬಯಲಿನ ಒಂದು ಮಗ್ಗುಲಿಗೆ ಹತ್ತಲಾಗದ ಬಂಡೆ, ಇನ್ನೊಂದು ಮಗ್ಗುಲಿಗೆ ಇಳಿಯಲಾಗದ ಕಮರಿ. ಆ ಬಯಲಿನಲ್ಲಿ ಕುಂತದ್ದು ಇದೆ. ಅದಕ್ಕೆ ಬೇರೆ ಹೆಸರಿಲ್ಲ. ಎಂದೋ ಬಂದು ಕುಂತಿತಂತೆ, ಬಿಟ್ಟು ಹೋಗಲಿಲ್ಲ, ಅಷ್ಟೇ. ಎತ್ತಿನ ಗಾತ್ರದ ಮೈ, ಉಡದಂಥ ಚರ್ಮ. ಅದನ್ನು ಓಡಿಸಲು ಹೋದವರೆಲ್ಲ ಈಗಲೂ ಬಯಲಿನಲ್ಲೇ ಇದ್ದಾರೆ, ಕೈಯಲ್ಲಿ ಬಡಿಗೆ ಹಿಡಿದುಕೊಂಡು, ಮೈಯೆಲ್ಲ ಕಲ್ಲಾಗಿ. ಅಂಥವರನ್ನು ನಾವು ಸತ್ತವರು ಎನ್ನುವುದಿಲ್ಲ, ನಿಂತವರು ಎನ್ನುತ್ತೇವೆ. ಅಮಾವಾಸ್ಯೆಗೊಮ್ಮೆ ಮನೆಯವರು ಕಣ್ಣು ಕಟ್ಟಿಕೊಂಡು ಹೋಗಿ ಅವರ ಮೈ ತೊಳೆದು ಬರುತ್ತಾರೆ.

ಅದರ ಕಣ್ಣಿನ ಕಟ್ಟಳೆಗಳನ್ನು ಹಿರಿಯರಿಗಿಂತ ಮಕ್ಕಳೇ ಚೆನ್ನಾಗಿ ಬಲ್ಲರು. ಚಪ್ಪಡಿಯ ಮೇಲೆ ಇದ್ದಿಲಿನಿಂದ ಮನೆ ಬರೆದು, ನಾಲ್ಕು ಕವಡೆ ಹಿಡಿದು, ಕುಂತದ್ದಾಟ ಆಡುತ್ತಾರೆ. ಒಬ್ಬರು ಕುಂತದ್ದಾದರೆ ಉಳಿದವರು ಬಯಲು ದಾಟಬೇಕು. ಮೂವತ್ತು ಮನೆಯ, ಎಂದರೆ ಮೂವತ್ತು ಹೆಜ್ಜೆಯ, ಆಚೆಗಿದ್ದರೆ ಅದು ಬರೀ ಪ್ರಾಣಿ, ಹೆದರಬೇಕಾಗಿಲ್ಲ. ಅದರೊಳಗೆ ಬಂದರೆ ಹೆಜ್ಜೆ ಹೆಜ್ಜೆಗೂ ಅದರ ಕಣ್ಣು ನಿಮ್ಮ ಕಣ್ಣನ್ನು ಹುಡುಕುತ್ತದೆ. ನೆಲ ನೋಡುತ್ತ ನಡೆಯುತ್ತೇನೆ ಎಂದವರು ಒಮ್ಮೆ ಕವಡೆ ಚೆಲ್ಲಬೇಕು. ಅರ್ಧಕ್ಕರ್ಧ ಸಲ ತಪ್ಪಿಸಿಕೊಳ್ಳುತ್ತಾರೆ, ಉಳಿದ ಅರ್ಧ ಸಲ ಕಣ್ಣಿಗೆ ಕಣ್ಣು ಸಿಕ್ಕಿಬಿಡುತ್ತದೆ. ಸಿಕ್ಕಿದರೆ ಎರಡನೆಯ ಸಲ ಚೆಲ್ಲಬೇಕು, ಮೈ ತಡೆದುಕೊಳ್ಳುತ್ತದೋ ಕಲ್ಲಾಗಿ ನಿಲ್ಲುತ್ತದೋ ಎಂದು. ಬೆಚ್ಚಿಬಿದ್ದವರಿಗೆ ಮೊದಲ ಸಲದ ಕವಡೆ ಇಲ್ಲ, ನೇರ ಎರಡನೆಯದೇ. ಕಣ್ಣು ಕಟ್ಟಿಕೊಂಡವರಿಗೆ ಕವಡೆಯೇ ಬೇಡ, ಆದರೆ ಎಲ್ಲಿ ಹೆಜ್ಜೆ ಇಡಬೇಕೆಂದು ಇನ್ನೊಬ್ಬರು ಹೇಳಬೇಕು. ಕನ್ನಡಿಯಲ್ಲಿ ನೋಡುವವರಿಗೂ ಏನಾಗುವುದಿಲ್ಲ, ಆದರೆ ಅವರು ಬೆನ್ನು ತಿರುಗಿಸಿಯೇ ಕೂತಿರಬೇಕು. ಆಟ ಮುಗಿಯುವ ಹೊತ್ತಿಗೆ ಒಬ್ಬರಿಗೊಬ್ಬರು ಮಾತು ಬಿಟ್ಟಿರುತ್ತಾರೆ.

ಆಟದಲ್ಲಿ ಆ ಕನ್ನಡಿಯವಳು ಇದ್ದಾಳಲ್ಲ, ನಿಜದಲ್ಲಿ ಅದು ನಾನು. ಇಪ್ಪತ್ತೆರಡು ವರ್ಷ ಕನ್ನಡಿಕಟ್ಟೆಯ ಮೇಲೆ ಬಯಲಿಗೆ ಬೆನ್ನು ಹಾಕಿ ಕೂತು, ಎದುರಿನ ಗೋಡೆಗೆ ಬಿಗಿದ ಆಳೆತ್ತರದ ಕನ್ನಡಿಯಲ್ಲಿ ನೋಡುತ್ತ, ದಾಟುವವರಿಗೆ ದಾರಿ ಕೂಗಿದ್ದೇನೆ. ಈಚೆಯಿಂದ ಹೋಗುವವರಿಗೆ ಈಚೆ ಕಟ್ಟೆಯವರು ಕೂಗಬೇಕು, ಆಚೆಯಿಂದ ಬರುವವರಿಗೆ ಆಚೆ ಕಟ್ಟೆಯ ಭರಮಪ್ಪ. ಎರಡು ದನಿ ಬೆರೆಯಬಾರದು, ಒಂದು ಸಲಕ್ಕೆ ಒಬ್ಬರೇ ಬಯಲಿಗೆ ಇಳಿಯಬೇಕು. ನನ್ನಿಂದ ದೂರ ನಡೆಯುವವರ ಬೆನ್ನು ಮಾತ್ರ ನನಗೆ ಕಾಣುವುದು. ಕುಂತದ್ದು ಒಂದೇ ಕಡೆ ಕೂರುವುದಿಲ್ಲ, ನೆರಳು ಸರಿದಂತೆ ಸರಿಯುತ್ತದೆ, ಒಮ್ಮೊಮ್ಮೆ ಸುಮ್ಮನೆ ಎದ್ದು ನಾಲ್ಕು ಹೆಜ್ಜೆ ಹಾಕುತ್ತದೆ. ಅದಕ್ಕೆ ಯಾರಾದರೂ ಸಮೀಪ ಸಿಕ್ಕರೆ ಮೊದಲು ಮಾಡುವ ಕೆಲಸ, ಮೂತಿ ಚಾಚಿ ಕಣ್ಣುಪಟ್ಟಿಯ ಗಂಟನ್ನು ಎಳೆಯುವುದು. ಅಷ್ಟು ಬುದ್ಧಿ ಅದಕ್ಕೆ ಯಾರು ಕಲಿಸಿದರೋ.

ಕೂಗುವ ವಿದ್ಯೆಯಲ್ಲಿ ಕಲಿಯುವುದು ಒಂದೇ. ಕನ್ನಡಿಯಲ್ಲಿ ಅದು ಎಡಕ್ಕೆ ಕಂಡರೆ ನಡೆಯುವವರ ಬಲಕ್ಕಿದೆ ಎಂದು ಅರ್ಥ, ಬಲಕ್ಕೆ ಕಂಡರೆ ಎಡಕ್ಕಿದೆ. ಕಣ್ಣು ಹೇಳಿದ್ದನ್ನು ಬಾಯಿ ತಿರುಗಿಸಿ ಹೇಳಬೇಕು. ಮೊದಲ ವರ್ಷ ಯೋಚಿಸಿ ತಿರುಗಿಸುತ್ತಿದ್ದೆ, ಆಮೇಲೆ ಯೋಚನೆಯೇ ಬೇಡವಾಯಿತು, ನಾಲಿಗೆ ತಾನೇ ತಿರುಗಿಸತೊಡಗಿತು. ಎಷ್ಟರ ಮಟ್ಟಿಗೆ ಎಂದರೆ, ಬಲಗಡೆಯ ಗೂಡಿನಲ್ಲಿ ಉಪ್ಪಿನ ಡಬ್ಬಿ ಇದ್ದರೆ ಎಡಗಡೆ ನೋಡು ಎನ್ನುತ್ತಿದ್ದೆ. ಮನೆಯಲ್ಲಿ ಕಸ್ತೂರಿ ನಗುತ್ತಲೇ ಬಲಗಡೆ ಕೈ ಹಾಕುತ್ತಿದ್ದಳು. ನಾನು ಎಡ ಎಂದರೆ ಬಲ ಎಂದು ಅವಳಿಗೆ ಅನ್ನ ಕಲಸಲು ಬರುವ ಮೊದಲೇ ಗೊತ್ತಿತ್ತು.

ಕಸ್ತೂರಿ ನನ್ನ ಅಕ್ಕ ರುದ್ರವ್ವನ ಮಗಳು. ಅಪ್ಪ ಎನಿಸಿಕೊಂಡವನು ಅವಳು ಹುಟ್ಟುವ ಮೊದಲೇ ಊರು ಬಿಟ್ಟಿದ್ದ. ನನಗಿಂತ ಮೊದಲು ಕಟ್ಟೆಯ ಮೇಲೆ ಕೂಗುತ್ತಿದ್ದವಳು ರುದ್ರವ್ವನೇ. ಕಸ್ತೂರಿ ಮೂರು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಅವಳ ಕೆಮ್ಮಿಗೆ ಔಷಧ ತರಲು ನಾನು ಬಯಲಿಗೆ ಇಳಿದೆ. ಅಕ್ಕ ನೆಟ್ಟಗೆ ಕೂಗುತ್ತಿದ್ದಳು. ಇಪ್ಪತ್ತು ಹೆಜ್ಜೆ ದಾಟಿದ ಮೇಲೆ ಯಾಕೋ ಸ್ವಲ್ಪ ಹೊತ್ತು ಸುಮ್ಮನಾದಳು, ಆಮೇಲೆ ಎಡಕ್ಕೆ ಎರಡು ಹೆಜ್ಜೆ ಎಂದಳು. ಎಡಕ್ಕೆ ಹೋದೆ, ನೇರ ಅದರ ಪಕ್ಕೆಗೆ ಡಿಕ್ಕಿ ಹೊಡೆದೆ. ಪಟ್ಟಿ ಹೋಯಿತು, ಕಣ್ಣು ತೆರೆದಿತ್ತು, ಅದರ ಕಣ್ಣು ನನ್ನೊಳಗೆ ಇಳಿಯಿತು. ನನ್ನ ಮೈ ತಡೆದುಕೊಂಡಿತು, ಎಡಗಿವಿಯೊಂದನ್ನು ಬಿಟ್ಟು. ಅದು ಬೆಂಡೋಲೆಯ ಸಮೇತ ಕಲ್ಲಾಯಿತು. ಓಣಿಯವರು ಹಗ್ಗ ಎಸೆದು ನನ್ನನ್ನು ಎಳೆದುಕೊಂಡರು.

ಕಟ್ಟೆಗೆ ಬಂದು ನೋಡಿದರೆ ರುದ್ರವ್ವ ನಿಂತಿದ್ದಳು. ಕನ್ನಡಿಗೆ ಬೆನ್ನು ಹಾಕಿ, ಬಯಲಿಗೆ ಮುಖ ಮಾಡಿ, ಬಾಯಿ ತೆರೆದು, ಬಲಗೈ ಚಾಚಿ. ಊರು ಕೂತು ವಿಚಾರ ಮಾಡಿ ಹೀಗೆ ತೀರ್ಮಾನಿಸಿತು: ರುದ್ರವ್ವ ಎಲ್ಲಿಯೋ ಗಮನ ಇಟ್ಟು ತಪ್ಪು ಕೂಗಿದಳು, ತಂಗಿ ಕಿರುಚಿದಳು, ಗಾಬರಿಯಾಗಿ ತಿರುಗಿದಳು, ನಿಂತಳು. ನಾನು ಕಿರುಚಿದೆನೋ ಇಲ್ಲವೋ ನನಗೆ ನೆನಪಿರಲಿಲ್ಲ. ಆದರೂ ಊರು ಹೇಳಿದ್ದನ್ನು ಒಪ್ಪಿಕೊಂಡೆ, ಅದು ನನಗೆ ಅನುಕೂಲವಾಗಿತ್ತು. ಕಿವಿ ಹೋದ ಸಿಟ್ಟು, ಇಪ್ಪತ್ತು ವರ್ಷಕ್ಕೇ ಒಂದು ಕೂಸು ಮಡಿಲಿಗೆ ಬಿದ್ದ ಸಿಟ್ಟು, ಎಲ್ಲವನ್ನೂ ಅಕ್ಕನ ಮೇಲೆ ಹಾಕಿದೆ. ಅವಳ ಜಾಗಕ್ಕೆ ನನ್ನನ್ನೇ ಕೂರಿಸಿದರು. ಕಟ್ಟೆಯ ತುದಿಯಲ್ಲಿ ಅವಳು ಬಯಲು ನೋಡುತ್ತ, ಪಕ್ಕದಲ್ಲಿ ನಾನು ಗೋಡೆ ನೋಡುತ್ತ. ದಾಟುವವರ ಕಣ್ಣುಪಟ್ಟಿಗಳನ್ನು ಅವಳ ಚಾಚಿದ ಕೈಗೇ ನೇತುಹಾಕುವ ರೂಢಿಯಾಯಿತು. ಅಮಾವಾಸ್ಯೆಗೆ ಅವಳ ಮೈ ತೊಳೆಯಲು ನಾನು ಒಮ್ಮೆಯೂ ಕೈ ಒದ್ದೆ ಮಾಡಿಕೊಳ್ಳಲಿಲ್ಲ. ಆರು ವರ್ಷದವಳಾದಾಗಿನಿಂದ ಕಸ್ತೂರಿಯೇ ತೊಳೆಯುತ್ತಿದ್ದಳು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕಸ್ತೂರಿ ಎಂಟು ವರ್ಷದವಳಿದ್ದಾಗ ಕುಂತದ್ದಾಟದಲ್ಲಿ ಹೊಸ ಕಟ್ಟಳೆಯೊಂದನ್ನು ತಂದು ಜಗಳ ತೆಗೆದಳು. ಕನ್ನಡಿಯವಳು ತಿರುಗಿದಳು ಅಂದರೆ ಅವಳು ಕೂಗಿದ್ದನ್ನು ಉಲ್ಟಾ ತೆಗೆದುಕೊಳ್ಳಬೇಕು ಎಂದು ಅವಳ ವಾದ. ನಾನು ಕಟ್ಟೆಯಿಂದ ಇಳಿಯುತ್ತಿದ್ದವಳು ಕೇಳಿಸಿಕೊಂಡೆ. ನಿಂತ ತಾಯಿಯನ್ನು ಆಟಕ್ಕೆ ಎಳೆಯುತ್ತೀಯಾ ಎಂದು ಕೆನ್ನೆಗೆ ಒಂದು ಬಿಟ್ಟೆ. ಅವಳು ಅಳಲಿಲ್ಲ, ಕವಡೆ ಆರಿಸಿಕೊಂಡು ಮನೆಗೆ ಹೋದಳು. ಯಾಕೆ ಹಾಗೆ ಹೇಳಿದೆ ಎಂದು ನಾನು ಕೇಳಲೂ ಇಲ್ಲ.

ಆ ಕಸ್ತೂರಿ ಬೆಳೆದು, ಆಚೆಯ ಬಡಿಗ ಮೈಲಾರಿಯನ್ನು ಮೆಚ್ಚಿ ಮದುವೆಯಾಗಿ, ಬಸುರಿಯಾಗಿ, ಏಳನೆಯ ತಿಂಗಳಿಗೆ ನನ್ನ ಹತ್ತಿರ ಬಂದು ಉಳಿದಿದ್ದಳು. ಅದೇ ವರ್ಷ ನನ್ನ ಕನ್ನಡಿಗೆ ರೋಗ ಬಂತು. ಎಡಭಾಗದಲ್ಲಿ ಹಿಂದಿನ ಪಾದರಸ ಬಿಟ್ಟು ಒಂದು ಕರಿ ಚುಕ್ಕೆ ಎದ್ದಿತು, ಮೊದಲು ರಾಗಿಕಾಳಿನಷ್ಟು, ಆಮೇಲೆ ಅಂಗೈಯಷ್ಟು. ಕರಿಯಲ್ಲಿ ಏನೂ ಕಾಣುವುದಿಲ್ಲ. ನಾನು ಕೂತಲ್ಲಿಯೇ ಅತ್ತ ಇತ್ತ ಬಾಗಿ, ಕತ್ತು ಚಾಚಿ, ಅದರ ಹಿಂದಿನದನ್ನು ಹೇಗೋ ನೋಡಿಕೊಳ್ಳುತ್ತಿದ್ದೆ. ಹಿರಿಯರಿಗೆ ಹೇಳಿದರೆ ಆ ಕ್ಷಣವೇ ಕಟ್ಟೆಗೆ ಬೀಗ. ದೂರದ ಊರಿನಿಂದ ಹೊಸ ಕನ್ನಡಿ ಬರಲು ಒಂದೂವರೆ ತಿಂಗಳಾದರೂ ಬೇಕು, ಅಲ್ಲಿಯ ತನಕ ಈಚೆಯಿಂದ ಯಾರೂ ದಾಟುವಂತಿಲ್ಲ.

ಕಸ್ತೂರಿಯ ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿತ್ತು. ದವಾಖಾನೆಯಲ್ಲೇ ಹೆರಿಗೆಯಾಗಬೇಕು, ಮನೆಯಲ್ಲಿ ಮುಟ್ಟಬೇಡಿ ಎಂದು ಡಾಕ್ಟರು ಮೂರು ಸಲ ಹೇಳಿದ್ದರು. ಈಚೆ ಓಣಿಯಲ್ಲಿದ್ದ ಸೂಲಗಿತ್ತಿಯೂ ಹಿಂದಿನ ವರ್ಷ ತೀರಿಕೊಂಡಿದ್ದಳು. ಕಟ್ಟೆ ಬಂದಾದರೆ ಇವಳ ಗತಿ ಏನು? ಇವಳು ಆಚೆ ಹೋಗಿ ಮುಟ್ಟಲಿ, ಮರುದಿನವೇ ಹಿರಿಯರ ಕಾಲಿಗೆ ಬಿದ್ದು ಹೇಳಿಬಿಡುತ್ತೇನೆ ಎಂದುಕೊಂಡೆ. ಹಾಗಾದರೆ ಈಗಲೇ ಹೋಗು ಎಂದು ಅವಳಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಿದೆ. ಇನ್ನೂ ದಿನ ಇದೆ, ಬರುವ ಸೋಮವಾರ ಹೋಗುತ್ತೇನೆ, ಅಲ್ಲಿ ಹೋದರೆ ನಿನ್ನ ಕೈಯ ಸಾರು ಎಲ್ಲಿ ಸಿಗುತ್ತದೆ ಎಂದಳು. ನಾನೂ ಹಿಗ್ಗಿ ಸುಮ್ಮನಾದೆ. ನನ್ನ ತಪ್ಪು ಅಲ್ಲಿಂದ ಲೆಕ್ಕ ಹಿಡಿಯಬೇಕು.

ಸೋಮವಾರ ಬರಲಿಲ್ಲ, ಶನಿವಾರವೇ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿರುವಾಗ ಒಳಗಿನಿಂದ ಅವಳ ದನಿ ಕೇಳಿಸಿತು. ಗೋಡೆಗೆ ಎರಡೂ ಕೈ ಊರಿ ನಿಂತಿದ್ದಳು.

"ಚಿಗವ್ವ, ಬ್ಯಾನಿ ಸುರು ಆತು. ನಡಿ, ಕಟ್ಟಿಗೆ ಹೋಗೂಣು."

ನನ್ನ ಕೈಯಿಂದ ಪೊರಕೆ ಬಿತ್ತು. ಕಟ್ಟೆಗೆ ಹೋಗುವ ದಾರಿಯುದ್ದಕ್ಕೂ ಅವಳ ತೋಳು ಹಿಡಿದುಕೊಂಡಿದ್ದೆ. ಹಿಂದಿನ ಎರಡು ದಿನ ಚಳಿಗೆ ಕಟ್ಟೆಯ ಗೋಡೆ ತೇವ ಹಿಡಿದು ಬೆವರಿತ್ತು. ಮೆಟ್ಟಿಲು ಹತ್ತಿ ಕನ್ನಡಿಯ ಮೇಲಿನ ಬಟ್ಟೆ ತೆಗೆದೆ. ಅಂಗೈಯಷ್ಟಿದ್ದ ಕರಿ ರಾತ್ರೋರಾತ್ರಿ ಮೊರದಗಲ ಆಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಬೇನೆ ಬಂದು ಅವಳು ತುಟಿ ಕಚ್ಚಿ ಬಾಗಿದಳು. ಹೇಳಿದರೆ ಏನು ಮಾಡುತ್ತಾಳೆ, ಹೇಳದಿದ್ದರೆ ಏನಾಗುತ್ತದೆ ಎಂದು ಎರಡೂ ಕಡೆ ಎಳೆದಾಡಿ, ಕಡೆಗೆ ಹೇಳಲಿಲ್ಲ. ತಾಯಿಯ ಕೈಯಿಂದ ಅವಳೇ ಒಂದು ಪಟ್ಟಿ ತೆಗೆದುಕೊಂಡು ಕಣ್ಣಿಗೆ ಕಟ್ಟಿಕೊಂಡಳು. ಗಂಟು ಬಿಗಿಯಾಗಿದೆಯೇ ಎಂದು ನಾನು ಎರಡು ಸಲ ಎಳೆದು ನೋಡಿದೆ. ಜಾಗಟೆ ಬಡಿದೆ. ಬಡಿದರೆ ಆಚೆಯವರು ಬಯಲಿನ ಅಂಚಿಗೆ ಬಂದು ಕಾಯುತ್ತಾರೆ. ಬಿಸಿಲು ಗೋಡೆ ಹತ್ತುವ ಮೊದಲು ಭರಮಪ್ಪ ಕಟ್ಟೆಗೆ ಬರುವವನಲ್ಲ, ಹಾಗಾಗಿ ಕನ್ನಡಿಯ ಮುಂದೆ ಇದ್ದವಳು ನಾನೊಬ್ಬಳೇ.

"ಹೆದರಬ್ಯಾಡ, ನಾ ಅದೀನಿ" ಎಂದೆ.

"ನನಗ್ಯಾಕ ಹೆದರಿಕಿ? ನಿನ್ನ ದನಿ ಐತೆಲ್ಲ" ಎಂದು ಇಳಿದಳು.

ಕನ್ನಡಿಯಲ್ಲಿ ಅವಳ ಬೆನ್ನು ಕಂಡಿತು. ಹೊಟ್ಟೆಯ ಕೆಳಗೆ ಒಂದು ಕೈ, ಮುಂದೆ ಚಾಚಿದ ಇನ್ನೊಂದು ಕೈ. ಕುಂತದ್ದು ದೂರ, ಬಂಡೆಯ ಮಗ್ಗುಲಿಗೆ, ನಲವತ್ತೈದು ಹೆಜ್ಜೆಯಾಚೆ ಮಲಗಿತ್ತು. ಬಂಡೆ ಎಂದರೆ ಕನ್ನಡಿಯ ಎಡಗಡೆ, ಅವಳ ಬಲಗಡೆ. ಕರಿಯ ಮೇಲಂಚಿನಲ್ಲಿ ಅದರ ಬಾಲ ಮಾತ್ರ ನನಗೆ ಕಾಣುತ್ತಿತ್ತು. ನೆಟ್ಟಗ ಐದು ಎಂದೆ. ನಿಂತವರಲ್ಲಿ ಮೊದಲನೆಯವರು ಬಂದರು, ಎಡಕ್ಕ ಒಂದು ಎಂದೆ, ಮತ್ತೆ ನೆಟ್ಟಗ. ಹದಿನೈದು ಹೆಜ್ಜೆಯ ತನಕ ಚೆನ್ನಾಗಿ ಹೋಯಿತು. ನನ್ನ ಉಸಿರು ಸ್ವಲ್ಪ ಸಡಿಲವಾಯಿತು.

ಇಪ್ಪತ್ತನೆಯ ಹೆಜ್ಜೆಗೆ ಬೇನೆ ಹಿಡಿಯಿತು. ಅವಳು ನಿಂತಳು, ಮೊಣಕಾಲು ಮಡಿಸಿದಳು, ನೆಲಕ್ಕೆ ಕೂತುಬಿಟ್ಟಳು. ಕೂತವಳಿಂದ ಒಂದು ನರಳಿಕೆ ಹೊರಟಿತು, ದೊಡ್ಡದೇನಲ್ಲ. ಕುಂತದ್ದಕ್ಕೆ ಅಷ್ಟು ಸಾಕಾಯಿತು. ಬಾಲ ಎದ್ದಿತು, ಆಮೇಲೆ ಬಾಲವೂ ಕರಿಯೊಳಗೆ ಹೋಯಿತು. ನಾನು ಬಲಕ್ಕೆ ಬಾಗಿದೆ, ಎಡಕ್ಕೆ ಬಾಗಿದೆ, ಎದ್ದು ನಿಂತೆ, ಕುಕ್ಕರಗಾಲಲ್ಲಿ ಕೂತೆ. ಕರಿ ನನ್ನ ಜೊತೆ ಸರಿಯಿತೇ ಹೊರತು ಅದರ ಹಿಂದಿನದು ಕಾಣಲಿಲ್ಲ. ಅದು ಹಾದುಹೋಗುವುದಿದ್ದರೆ ಈ ಅಂಚಿನಿಂದ ಹೊರಗೆ ಬರಬೇಕಿತ್ತು. ಬರಲಿಲ್ಲ. ಕಸ್ತೂರಿಯ ಬಲಭುಜ ಕರಿಯ ಅಂಚಿಗೆ ತಾಗಿಕೊಂಡೇ ಇತ್ತು. ಅದು ಅವಳ ಪಕ್ಕದಲ್ಲಿದೆಯೋ, ಹಿಂದಿದೆಯೋ, ಅಲ್ಲೇ ದೂರ ನಿಂತಿದೆಯೋ? ಏಳು ಎನ್ನಲೇ, ಕೂತಿರು ಎನ್ನಲೇ?

"ಚಿಗವ್ವ, ಯಾಕ ಸುಮ್ನಾದಿ?" ಎಂದಳು ಅವಳು, ಬೆನ್ನು ತೋರಿಸಿಕೊಂಡೇ.

ಅದೇ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದ ಹಿಂದೆ ಅದೇ ಬಯಲಿನಲ್ಲಿ ಕಣ್ಣು ಕಟ್ಟಿಕೊಂಡು ನಾನೂ ಮನಸ್ಸಿನಲ್ಲೇ ಕೇಳಿದ್ದೆ. ಈಗ ಅದನ್ನು ಯೋಚಿಸಲು ಹೊತ್ತಿರಲಿಲ್ಲ. ತಿರುಗಿದೆ.

ಕನ್ನಡಿಯಿಲ್ಲದೆ ಆ ಬಯಲನ್ನು ಅಷ್ಟು ವರ್ಷಗಳಲ್ಲಿ ನಾನು ನೋಡಿರಲಿಲ್ಲ. ಎಲ್ಲವೂ ಅದಲುಬದಲಾಗಿತ್ತು. ಬಂಡೆ ಈ ಕಡೆಗೆ ಬಂದಿತ್ತು, ಕಮರಿ ಆ ಕಡೆಗೆ ಹೋಗಿತ್ತು. ಕುಂತದ್ದು ಕಸ್ತೂರಿಯ ಬಲಕ್ಕೆ, ಒಂದು ಮೊಳವೂ ಇಲ್ಲದಷ್ಟು ಹತ್ತಿರ, ಮುಂಗಾಲು ಮಡಿಸಿಕೊಂಡು, ಮೂತಿಯನ್ನು ಅವಳ ತಲೆಯ ಹಿಂದಿನ ಗಂಟಿನ ಕಡೆಗೆ ಮೆಲ್ಲಗೆ ಚಾಚುತ್ತಿತ್ತು. ಅವಳು ಎಡಕ್ಕೆ ಹೋಗಬೇಕು. ಅಷ್ಟು ನನಗೆ ಸ್ಪಷ್ಟವಾಗಿ ತಿಳಿಯಿತು. ನನ್ನ ಎಡಗೈ ತಾನಾಗಿ ಎದ್ದು ಎಡಕ್ಕೆ ತೋರಿಸಿತು. ಬಾಯಿ ಕೂಗಿತು.

"ಬಲಕ್ಕ! ಏಳು, ಬಲಕ್ಕ ಮೂರು ಹೆಜ್ಜಿ."

ಕೂಗಿದ್ದು ನನ್ನ ಕಿವಿಗೇ ಬಿದ್ದಾಗ ಜೀವ ಹಾರಿಹೋಯಿತು. ತಪ್ಪು, ತಪ್ಪು, ಎಡಕ್ಕ ಎಂದು ಕೂಗಲು ಬಾಯಿ ತೆರೆದೆ. ಆದರೆ ಕೂಗಿಗೆ ಕುಂತದ್ದು ತಲೆ ಎತ್ತಿ ನನ್ನನ್ನು ನೋಡಿಬಿಟ್ಟಿತ್ತು. ಅದರ ಕಣ್ಣು ನಾಟಿದರೆ ಏನಾಗುತ್ತದೆ ಎಂದು ಒಮ್ಮೆ ಅನುಭವಿಸಿದ್ದೆ, ಆದರೆ ಮರೆತಿದ್ದೆ. ಉಸಿರು ಇದ್ದಲ್ಲೇ ಇರುತ್ತದೆ, ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ನಾಲಿಗೆ ಹಲ್ಲಿನ ಹಿಂದೆ ಬಿಗಿಯುತ್ತದೆ. ಕೂಗುವುದಿರಲಿ, ಮುಲುಕಲೂ ಆಗುವುದಿಲ್ಲ. ನನ್ನ ಕಣ್ಣ ಮುಂದೆಯೇ ಕಸ್ತೂರಿ ಕೈ ಊರಿ ಎದ್ದಳು, ಬಲಗಾಲನ್ನು ಎತ್ತಿದಳು, ನಾನು ಹೇಳಿದ ಕಡೆಗೆ, ಅದರ ಮೈಮೇಲೆಯೇ. ಮಗಳೇ ಬೇಡ ಎಂದು ನನ್ನೊಳಗೆ ಎಲ್ಲವೂ ಒದ್ದಾಡಿತು, ಒಂದು ಸೊಲ್ಲೂ ಹೊರಗೆ ಬರಲಿಲ್ಲ.

ಎತ್ತಿದ ಕಾಲು ಹಾಗೇ ನಿಂತಿತು. ಅವಳು ಕತ್ತು ಸ್ವಲ್ಪ ವಾಲಿಸಿದಳು, ಸಣ್ಣವಳಿದ್ದಾಗ ಉಪ್ಪಿನ ಡಬ್ಬಿ ಹುಡುಕುವಾಗ ವಾಲಿಸುತ್ತಿದ್ದಂತೆ. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಎಡಕ್ಕೆ ಇಟ್ಟಳು. ಎಡಕ್ಕೆ ಒಂದು, ಎಡಕ್ಕೆ ಎರಡು, ಎಡಕ್ಕೆ ಮೂರು. ಕುಂತದ್ದು ನನ್ನನ್ನು ಬಿಟ್ಟು ಮೂತಿ ಹೊರಳಿಸಿ ಗಂಟಿಗೆ ಬಾಯಿ ಹಾಕಿತು, ಬಾಯಿಗೆ ಗಾಳಿ ಸಿಕ್ಕಿತು. ಆಚೆಯ ಅಂಚಿನಿಂದ ಮೈಲಾರಿ, ದನಿ ಬೆರೆಸಬಾರದೆಂಬ ನಿಯಮವನ್ನೆಲ್ಲ ಗಾಳಿಗೆ ತೂರಿ, ಅವಳ ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಆ ದನಿಗೆ ಮುಖ ಮಾಡಿ ನಡೆದಳು. ಕುಂತದ್ದು ಇನ್ನೊಮ್ಮೆ ನನ್ನ ಕಡೆ ತಿರುಗಿತು. ಬೆರಳುಗಳ ತುದಿಯಿಂದ ತಣ್ಣಗೆ ಏರುತ್ತಿದ್ದದ್ದು ಮಣಿಕಟ್ಟಿನ ತನಕ ಬಂದದ್ದು ಗೊತ್ತಾಯಿತು. ಆಮೇಲೆ ನಾನು ಕಟ್ಟೆಯ ಮೇಲೆ ಬಿದ್ದಿದ್ದೆ. ಆಚೆಯಿಂದ ಜಾಗಟೆ ಕೇಳಿಸುತ್ತಿತ್ತು, ಮೂರು ಸಲ. ಮುಟ್ಟಿದರು ಎಂದು ಅರ್ಥ.

ಮೈ ತಡೆಯಿತು. ಯಾಕೆ ತಡೆಯಿತು ಎಂದು ಕೇಳಬೇಡಿ, ನನಗಿಂತ ಗಟ್ಟಿ ಮೈಯವರು ಬಯಲಿನಲ್ಲಿ ಸಾಲಾಗಿ ನಿಂತಿದ್ದಾರೆ. ನನಗೆ ಎರಡು ಸಲ ಕವಡೆ ಚೆನ್ನಾಗಿ ಬಿತ್ತು, ಅಷ್ಟೇ. ಎಡಗೈಯ ತೋರುಬೆರಳು ಮತ್ತು ಅದರ ಪಕ್ಕದ್ದು ಮಾತ್ರ ಕಲ್ಲಾಗಿ ಉಳಿದವು, ತೋರಿಸಿದ ಹಾಗೆಯೇ ನೆಟ್ಟಗೆ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಹುಟ್ಟಿದ ಸುದ್ದಿ ಭರಮಪ್ಪನ ಕೂಗಿನಲ್ಲಿ ಬಂತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ ಎಂದು ಕೇಳಿದ ಮೇಲೆಯೇ ನಾನು ಹಿರಿಯರ ಮುಂದೆ ಹೋಗಿ ಕನ್ನಡಿಯ ವಿಚಾರ ಹೇಳಿದೆ. ಬೈದರು, ಬೈಯಬೇಕಾದದ್ದೇ. ಕಟ್ಟೆಯಿಂದ ನನ್ನನ್ನು ಇಳಿಸಿದರು. ಅದಕ್ಕೂ ನಾನು ತಕರಾರು ಮಾಡಲಿಲ್ಲ.

ಕಟ್ಟೆ ಬಂದಾಗಿದ್ದ ಆ ಒಂದೂವರೆ ತಿಂಗಳು ಮನೆಯಲ್ಲಿ ಕೂತು ಒಂದೇ ವಿಷಯವನ್ನು ಮತ್ತೆ ಮತ್ತೆ ತಿರುವಿಹಾಕಿದೆ. ಕಣ್ಣು ನಾಟಿದವರಿಗೆ ಕಿರುಚಲು ಬರುವುದಿಲ್ಲ. ಹಾಗಾದರೆ ಅಂದು ನಾನು ಕಿರುಚಿರಲಿಲ್ಲ. ಕಿರುಚದಿದ್ದ ಮೇಲೆ ಅಕ್ಕ ಯಾಕೆ ತಿರುಗಿದಳು?

ಹೊಸ ಕನ್ನಡಿ ಬಂದ ಮೇಲೆ ಕಸ್ತೂರಿ ಕೂಸನ್ನು ಎದೆಗೆ ಕಟ್ಟಿಕೊಂಡು, ಭರಮಪ್ಪನ ಕೂಗಿಗೆ ದಾಟಿ ಬಂದಳು. ಕೂಸಿನ ಕಣ್ಣಿಗೂ ಸಣ್ಣದೊಂದು ಪಟ್ಟಿ. ಕೂಸಿನ ಪಾದ ನೋಡಿದೆ, ಹೆಬ್ಬೆರಳು ನೆಟ್ಟಗಿದ್ದವು, ಸಮಾಧಾನವಾಯಿತು. ಆಮೇಲೆ ಕೇಳಿದೆ, ನಾನು ಬಲಕ್ಕೆ ಎಂದರೆ ನೀನು ಹೇಗೆ ಎಡಕ್ಕೆ ಹೋದೆ ಎಂದು. ಅವಳು ಕೂಸಿಗೆ ಹಾಲು ಕುಡಿಸುತ್ತ ತಲೆ ಎತ್ತದೆ ಹೇಳಿದಳು.

"ದಿನಾ ನಿನ್ನ ದನಿ ಗೋಡಿಗೆ ಬಡದು ಬರತೈತಿ. ಅವತ್ತು ನೆಟ್ಟಗ ಬಂತು. ನೀ ತಿರುಗಿದಿ ಅಂತ ಗೊತ್ತಾತು. ತಿರುಗಿದರೂ ನಿನ್ನ ನಾಲಿಗಿ ತಿರುಗಂಗಿಲ್ಲ ಅನ್ನೂದೂ ಗೊತ್ತಿತ್ತು."

ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಮತ್ತೆ ಅಂದಳು. "ಅವ್ವನ ಕೈ ತೊಳಿಯಾಕತ್ತಿದಾಗಿಂದ ನನಗ ಗೊತ್ತೈತಿ ಚಿಗವ್ವ. ಆಕಿ ಕೈ ಒಂದು ಕಡೆ ತೋರಸತೈತಿ, ನೀ ಹೋದದ್ದು ಇನ್ನೊಂದು ಕಡೆ. ಎಂಟು ವರ್ಷದಾಕಿದ್ದಾಗ ಹೇಳಾಕ ಬಂದಿದ್ದೆ. ನೀ ಬಡದಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಎದ್ದು ಹೋಗಿ ಹಿತ್ತಲಲ್ಲಿ ಕೂತು ಅತ್ತೆ, ಕಲ್ಲಿನ ಕಿವಿ ಒದ್ದೆಯಾಗುವಷ್ಟು ಅತ್ತೆ. ಈಗ ನನ್ನ ಜಾಗಕ್ಕೆ ಬಂದ ಹೊಸ ಕೂಗುವವಳು ಪಟ್ಟಿ ಕಟ್ಟಿಕೊಳ್ಳುವವರಿಗೆಲ್ಲ ಮೊದಲು ಕಸ್ತೂರಿಯ ಕಟ್ಟಳೆಯನ್ನೇ ಹೇಳುತ್ತಾಳೆ, ದನಿ ನೆಟ್ಟಗೆ ಬಂದರೆ ಉಲ್ಟಾ ತೆಗೆದುಕೊಳ್ಳಿ ಎಂದು. ಹಿರಿಯರೇ ಹಾಗೆ ಮಾಡಿಸಿದ್ದಾರೆ.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಒಂದು ಕೊಡ ನೀರು ತೆಗೆದುಕೊಂಡು, ಕಣ್ಣು ಕಟ್ಟಿಕೊಂಡು, ನಾನೇ ಕಟ್ಟೆ ಹತ್ತಿದೆ. ಅಕ್ಕನ ಮುಖ ತೊಳೆದೆ. ಬಾಯಿ ತೆರೆದಿತ್ತು, ಆದರೆ ಕಿರುಚುವಷ್ಟಲ್ಲ, ಒಂದು ಮಾತು ಹೇಳುವಷ್ಟು ಮಾತ್ರ. ಕತ್ತು ತೊಳೆದೆ, ಭುಜ ತೊಳೆದೆ. ಕೈಗೆ ನೇತುಹಾಕಿದ್ದ ಪಟ್ಟಿಗಳನ್ನೆಲ್ಲ ತೆಗೆದು ಮೊಣಕೈಯಿಂದ ಕೆಳಗೆ ಸವರುತ್ತ ಹೋದೆ. ನನ್ನ ಕಡೆಗೆ ಚಾಚಿದ ಕೈ, ತಂಗಿಯನ್ನು ಹಿಡಿದುಕೊಳ್ಳಲು ಚಾಚಿದ್ದು ಎಂದು ಊರು ಹೇಳುತ್ತಿದ್ದ ಕೈ. ಪಟ್ಟಿಗಳ ರಾಶಿಯಡಿ ನಾವು ಯಾರೂ ಗಮನಿಸಿರಲಿಲ್ಲ, ಅದು ಮುಂದಕ್ಕೆ ಇರಲಿಲ್ಲ. ಪಕ್ಕಕ್ಕೆ ಇತ್ತು, ಬಲಕ್ಕೆ, ತೋರುಬೆರಳು ನೆಟ್ಟಗೆ. ಏನು ಅವಳ ಕನ್ನಡಿಗೆ ಅಡ್ಡ ಬಂದಿತ್ತೋ, ಮಂಜೋ, ಹಕ್ಕಿಯೋ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅವಳು ಮೊದಲು ತಿರುಗಿದ್ದಳು, ಆಮೇಲೆ ಕೂಗಿದ್ದಳು. ನನ್ನ ಸಲುವಾಗಿ ತಿರುಗಿದ್ದಳು. ಬಲಕ್ಕೆ ಹೋಗು ಎಂದು ಕೈ ತೋರಿಸುತ್ತಿತ್ತು, ಕಣ್ಣು ಕಟ್ಟಿಕೊಂಡಿದ್ದ ನನಗೆ ಅವಳ ನಾಲಿಗೆ ಮಾತ್ರ ಕೇಳಿಸಿತ್ತು.

ನನ್ನ ಎಡಗೈಯ ಕಲ್ಲು ಬೆರಳುಗಳನ್ನು ಅವಳ ಬೆರಳಿಗೆ ತಾಗಿಸಿದೆ. ಕಲ್ಲಿಗೆ ಕಲ್ಲು ತಾಗಿದ ಸಣ್ಣ ಸದ್ದು ಬಂತು.

"ಅಕ್ಕಾ, ತಡಾ ಆತು" ಎಂದೆ.

ಉಳಿದ ನೀರನ್ನು ಅವಳ ಪಾದಕ್ಕೆ ಹೊಯ್ದೆ. ಮರುದಿನ ಮೈಲಾರಿಗೆ ಹೇಳಿ ಕಟ್ಟೆಯ ಗೋಡೆಗೆ ಆರು ಮೊಳೆ ಹೊಡೆಸಿದೆ. ಪಟ್ಟಿಗಳನ್ನು ಈಗ ಅಲ್ಲಿ ನೇತುಹಾಕುತ್ತಾರೆ.